ಚೀಟಿ ಕೌಂಟರಿನಲ್ಲಿ ಮೂರನೇ ಸಾಲಿಲ್ಲ

ಸರ್ಕಾರಿ ಆಸ್ಪತ್ರೆಗೆ ಹೋದವರಿಗೆ ಮೊದಲು ಸಿಗುವವರು ಡಾಕ್ಟರಲ್ಲ, ಚೀಟಿ ಬರೆಯುವ ಗುಮಾಸ್ತರು. ಅವರ ಕಿಟಕಿಯ ಮುಂದೆ ಎರಡು ಸಾಲು. ಒಂದು ಗಂಡಸರದ್ದು, ಇನ್ನೊಂದು ಹೆಂಗಸರದ್ದು. ಹೆಸರೇನು, ವಯಸ್ಸೆಷ್ಟು, ಯಾವ ಊರು, ಗಂಡೋ ಹೆಣ್ಣೋ? ಇಷ್ಟಕ್ಕೆ ಉತ್ತರ ಕೊಟ್ಟರೆ ಚೀಟಿ ಕೈಗೆ ಬಂತು. ಬಹಳ ಜನರಿಗೆ ಇದು ಅರ್ಧ ನಿಮಿಷದ ಕೆಲಸ.

ಸೀರೆಯುಟ್ಟಿದ್ದಾರೆ, ದನಿ ಗಡುಸು, ಆಧಾರ್ ಕಾರ್ಡಿನಲ್ಲಿ ಅಪ್ಪ ಇಟ್ಟ ಗಂಡು ಹೆಸರೇ ಇದೆ. ಅಂಥವರೊಬ್ಬರು ಅದೇ ಕಿಟಕಿಯ ಮುಂದೆ ಬಂದರೆ ಏನಾಗುತ್ತದೆ? ಹೆಂಗಸರ ಸಾಲಿನಲ್ಲಿ ನಿಂತರೆ ‘ಏ, ಇದು ಲೇಡೀಸ್ ಲೈನು, ಆಕಡೆ ಹೋಗು’ ಎಂಬ ಗದರಿಕೆ. ಗಂಡಸರ ಸಾಲಿಗೆ ಹೋದರೆ ಕಿಸಕ್ಕನೆ ನಗು, ನೂಕು, ಸೊಂಟಕ್ಕೆ ಬರುವ ಕೈ. ಅಷ್ಟೂ ದಾಟಿ ಚೀಟಿ ಪಡೆದರೆ, ಜವಾನರು ಎಲ್ಲರಿಗೂ ಕೇಳುವಂತೆ ಆ ಗಂಡು ಹೆಸರನ್ನೇ ಕೂಗುತ್ತಾರೆ. ಬೆಂಚಿನ ಮೇಲೆ ಕೂತ ನೂರು ಜನ ಒಟ್ಟಿಗೆ ಕತ್ತು ತಿರುಗಿಸುತ್ತಾರೆ.

ಒಂದು ಸಲ ಹೀಗಾದವರು ಎರಡನೇ ಸಲ ಬರುವುದಿಲ್ಲ. ಕೆಮ್ಮು ಬಂದರೆ ಕಷಾಯ, ಜ್ವರ ಬಂದರೆ ಗುಳಿಗೆ, ಗಾಯವಾದರೆ ಅರಿಶಿಣ. ಸಕ್ಕರೆ ಕಾಯಿಲೆ, ಕ್ಷಯ, ಬಿ.ಪಿ. ಯಾವುದಾದರೂ ಸರಿ, ಬೇಗ ಪತ್ತೆಯಾದರೆ ಹತೋಟಿಗೆ ಬರುತ್ತದೆ, ತಡವಾದರೆ ಮನುಷ್ಯನನ್ನೇ ತಿನ್ನುತ್ತದೆ. ಇವರಿಗೆ ಆಗುತ್ತಿರುವ ಅನ್ಯಾಯದ ಬೇರು ಈ ತಡದಲ್ಲಿದೆ.

ಹರಸಲು ಬೇಕು, ಹಾಸಿಗೆಗೆ ಬೇಡ

ಪೇಟೆಯ ಅಂಗಡಿಯವರಿಗೆ ಇವರು ಹೊಸಬರೇನಲ್ಲ. ವಾರಕ್ಕೊಮ್ಮೆ ಬಂದು ಚಪ್ಪಾಳೆ ತಟ್ಟಿ, ಗಲ್ಲಾಪೆಟ್ಟಿಗೆಗೆ ಕೈ ಮುಟ್ಟಿಸಿ ಹರಸಿ, ಹತ್ತೋ ಇಪ್ಪತ್ತೋ ಇಸಿದುಕೊಂಡು ಹೋಗುತ್ತಾರೆ. ಹೊಸ ಅಂಗಡಿ ತೆರೆಯುವ ದಿನ ತಾವೇ ಕರೆಸಿ ದೃಷ್ಟಿ ತೆಗೆಸುವ ಮಾಲೀಕರೂ ಇದ್ದಾರೆ. ಉತ್ತರ ಕರ್ನಾಟಕದ ಕಡೆ ಸವದತ್ತಿ ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ಜೋಗಪ್ಪಗಳು ಕೊಡ ಹೊತ್ತು ಬಂದರೆ ಮನೆಯೊಡತಿ ಮೊರದ ತುಂಬ ಜೋಳ ತಂದು ಹಾಕುತ್ತಾಳೆ.

ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರ ನವೆಂಬರಿನಲ್ಲಿ ದೆಹಲಿಯಲ್ಲಿ ರಾಷ್ಟ್ರಪತಿಗಳಿಗೇ ಸೆರಗಿನಿಂದ ದೃಷ್ಟಿ ತೆಗೆದು ಪದ್ಮಶ್ರೀ ಸ್ವೀಕರಿಸಿದರು. ನಾಡಿಗೆ ನಾಡೇ ಟಿ.ವಿ. ಮುಂದೆ ಕೂತು ಹೆಮ್ಮೆಪಟ್ಟಿತು.

ಒಳ್ಳೆಯದೇ. ಆದರೆ ಆ ಚಪ್ಪಾಳೆಯ ಪೈಕಿ ಒಂದಿಷ್ಟಾದರೂ ಆಸ್ಪತ್ರೆಯ ವಾರ್ಡಿನವರೆಗೆ ಬಂತೇ? ಮಂಗಳಮುಖಿಯೊಬ್ಬರನ್ನು ಅಡ್ಮಿಟ್ ಮಾಡಬೇಕಾಗಿ ಬಂದರೆ ಯಾವ ವಾರ್ಡು ಎಂಬುದೇ ಮೊದಲ ತಲೆನೋವು. ಗಂಡಸರ ವಾರ್ಡಿಗೆ ಹಾಕಿದರೆ ರಾತ್ರಿಯೆಲ್ಲ ಅವರಿಗೆ ಹೆದರಿಕೆ. ಹೆಂಗಸರ ವಾರ್ಡಿಗೆ ಹಾಕಿದರೆ ಉಳಿದ ರೋಗಿಗಳ ಕಡೆಯವರ ತಕರಾರು. ಹೊಟ್ಟೆನೋವು ಎಂದು ಬಂದವರನ್ನು ಹೊಟ್ಟೆ ಬಿಟ್ಟು ಬೇರೆಲ್ಲ ಕೇಳುವ ಕುತೂಹಲ ಬೇರೆ. ಎಲ್ಲ ಡಾಕ್ಟರೂ ಹೀಗೆ ಎಂದಲ್ಲ. ಕೈ ಹಿಡಿದು ನಾಡಿ ನೋಡಿ, ‘ಏನಮ್ಮ, ಎಷ್ಟು ದಿನದಿಂದ?’ ಎಂದು ಕೇಳುವ ಪುಣ್ಯಾತ್ಮರೂ ಇದ್ದಾರೆ. ಆದರೆ ಕಾಯಿಲೆ ಬಿದ್ದವರ ಗತಿ ಡಾಕ್ಟರ ಒಳ್ಳೆಯತನದ ಮೇಲೆ ನಿಂತಿರಬೇಕೆ?

ಮೆಡಿಕಲ್ ಶಾಪೇ ಆಸ್ಪತ್ರೆ

ಆಸ್ಪತ್ರೆಗೆ ಹೋಗದವರು ಎಲ್ಲಿಗೆ ಹೋಗುತ್ತಾರೆ? ಮೆಡಿಕಲ್ ಶಾಪಿಗೆ. ಅಲ್ಲಿ ಸಾಲಿಲ್ಲ, ಹೆಸರು ಕೇಳುವವರಿಲ್ಲ. ದುಡ್ಡು ಕೊಟ್ಟರೆ ಗುಳಿಗೆ.

ಇಲ್ಲಿರುವ ಅಪಾಯ ಅಂಗಡಿಯವರಿಗೂ ಗೊತ್ತಿರಬೇಕು. ಗಂಡಾಗಿ ಹುಟ್ಟಿ ಹೆಣ್ಣಾಗಿ ಬದುಕುವವರಲ್ಲಿ ಎಷ್ಟೋ ಜನ ಮೈಯ ಆಕಾರ ಬದಲಾಗಲಿ ಎಂದು ಹೆಂಗಸರ ಗರ್ಭನಿರೋಧಕ ಗುಳಿಗೆಯನ್ನು ತಾವೇ ತೆಗೆದುಕೊಂಡು ನುಂಗುತ್ತಾರೆ. ಗೆಳತಿ ಎರಡು ನುಂಗಿದರೆ ಇವರು ನಾಲ್ಕು. ಈ ಗುಳಿಗೆಯಲ್ಲಿರುವ ಈಸ್ಟ್ರೋಜೆನ್ ಎಂಬ ಹಾರ್ಮೋನು ರಕ್ತ ಹೆಪ್ಪುಗಟ್ಟುವುದನ್ನು ಹೆಚ್ಚಿಸುತ್ತದೆ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದು ಕಳಚಿ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡರೆ ಜೀವಕ್ಕೇ ಸಂಚಕಾರ. ಬೀಡಿ ಸಿಗರೇಟು ಸೇದುವವರಿಗೆ ಇನ್ನೂ ಹೆಚ್ಚಿನ ಅಪಾಯ. ಇದೇ ಹಾರ್ಮೋನನ್ನು ಡಾಕ್ಟರು ರಕ್ತಪರೀಕ್ಷೆ ಮಾಡಿಸಿ, ಅಳತೆ ನೋಡಿ ಕೊಟ್ಟರೆ ಅಪಾಯವನ್ನು ಬಹಳಷ್ಟು ತಗ್ಗಿಸಬಹುದು. ಅಂಥ ಡಾಕ್ಟರು ಜಿಲ್ಲಾ ಕೇಂದ್ರದಲ್ಲಿ ಸಿಗುವುದು ಅಪರೂಪ, ತಾಲ್ಲೂಕಿನಲ್ಲಂತೂ ಕೇಳಲೇಬೇಡಿ.

ಆಪರೇಷನ್ನಿನ ಕಥೆಯೂ ಇದೇ. ‘ನಿರ್ವಾಣ’ ಎಂದು ಕರೆಯುವ ಹಳೇ ಪದ್ಧತಿಯಲ್ಲಿ ಡಾಕ್ಟರಲ್ಲದವರೇ ಕತ್ತಿ ಹಿಡಿದು ಅಂಗ ತೆಗೆಯುತ್ತಿದ್ದರು. ಎಷ್ಟೋ ಜನ ರಕ್ತಸ್ರಾವದಿಂದ, ಕೀವಿನಿಂದ ನರಳಿದರು. ಬದುಕಿದವರಲ್ಲಿ ಹಲವರಿಗೆ ಮೂತ್ರದ ದಾರಿ ಕಟ್ಟಿಕೊಂಡು ಜೀವನಪೂರ್ತಿ ತೊಂದರೆ. ಡಾಕ್ಟರುಗಳು ಯಾಕೆ ಮಾಡಲಿಲ್ಲ? 1860ರ ದಂಡಸಂಹಿತೆಯಲ್ಲಿ ಪುರುಷತ್ವ ಹರಣ ಎಂಬುದು ಘೋರ ಗಾಯಗಳ ಪಟ್ಟಿಯಲ್ಲಿ ಮೊದಲನೆಯದಾಗಿತ್ತು. ಯಾರಿಗೆ ಬೇಕು ಕೋರ್ಟು ಕಚೇರಿ ಎಂದು ವೈದ್ಯರು ಹಿಂದೆ ಸರಿದರು. ಬಡವರು ಕತ್ತಿಗೆ ಕತ್ತು ಕೊಟ್ಟರು.

ಇನ್ನೊಂದು ವಿಷಯ. ಬೀಜ ತೆಗೆಸಿಕೊಂಡ ಮೇಲೆ ಹಾರ್ಮೋನು ಸರಿಯಾಗಿ ತೆಗೆದುಕೊಳ್ಳದಿದ್ದರೆ ಮೂಳೆ ಸವೆಯುತ್ತದೆ. ಆಪರೇಷನ್ ಆದ ಮೇಲೂ ಪ್ರಾಸ್ಟೇಟ್ ಗ್ರಂಥಿ ಒಳಗೇ ಇರುತ್ತದೆ, ವಯಸ್ಸಾದ ಮೇಲೆ ಅದಕ್ಕೂ ಕಾಯಿಲೆ ಬರಬಹುದು. ಹಾಗೆಯೇ ಹೆಣ್ಣಾಗಿ ಹುಟ್ಟಿ ಗಂಡಾಗಿ ಬದುಕುವವರಿಗೆ ಗರ್ಭಕೋಶ ಇರುವ ತನಕ ಅದರ ಬಾಯಿಯ ಕ್ಯಾನ್ಸರ್ ಪರೀಕ್ಷೆ ಬೇಕೇ ಬೇಕು. ಗಡ್ಡ ಬಿಟ್ಟವರೊಬ್ಬರು ಹೆರಿಗೆ ವಿಭಾಗದ ಬಾಗಿಲಲ್ಲಿ ನಿಂತರೆ ಒಳಗೆ ಬಿಡುವವರು ಯಾರು ಸ್ವಾಮಿ?

ಸಾವಿರಕ್ಕೆ ಎಷ್ಟು?

ಜನಗಣತಿಯವರು 2011ರಲ್ಲಿ ಮೊದಲ ಸಲ ಗಂಡು, ಹೆಣ್ಣು ಬಿಟ್ಟು ‘ಇತರೆ’ ಎಂಬ ಮೂರನೇ ಕಾಲಂ ಇಟ್ಟರು. ದೇಶದಲ್ಲಿ 4,87,803 ಮಂದಿ, ಕರ್ನಾಟಕದಲ್ಲಿ 20,266 ಮಂದಿ ಎಂದು ಲೆಕ್ಕ ಬಂತು. ಮನೆ ಯಜಮಾನರು ಬಾಗಿಲಲ್ಲಿ ನಿಂತು ಹೇಳಿದ್ದನ್ನು ಬರೆದುಕೊಂಡ ಲೆಕ್ಕ ಇದು. ತನ್ನ ಮಗ ‘ಇತರೆ’ ಎಂದು ಬರೆಸುವ ಅಪ್ಪಂದಿರು ಎಷ್ಟು ಜನ ಇದ್ದಾರು? ಮನೆಯಿಂದ ಹೊರಬಿದ್ದವರು ಯಾವ ಮನೆಯ ಲೆಕ್ಕಕ್ಕೆ ಬಂದಾರು?

ಆರೋಗ್ಯದ ಲೆಕ್ಕದಲ್ಲಿ ಸರಿಯಾಗಿ ಸಿಗುವುದು ಒಂದೇ, ಎಚ್.ಐ.ವಿ. ಏಡ್ಸ್ ನಿಯಂತ್ರಣದ ರಾಷ್ಟ್ರೀಯ ಸಂಸ್ಥೆಯಾದ ನ್ಯಾಕೋ 2017ರಲ್ಲಿ ಹಾಕಿದ ಲೆಕ್ಕದ ಪ್ರಕಾರ ದೇಶದ ವಯಸ್ಕರಲ್ಲಿ ಸೋಂಕು ಇದ್ದದ್ದು ಶೇಕಡಾ 0.22. ಅಂದರೆ ಸಾವಿರಕ್ಕೆ ಇಬ್ಬರು. ಅದೇ ವರ್ಷದ ಪರೀಕ್ಷೆಯಲ್ಲಿ ಹಿಜ್ರಾ ಮತ್ತು ಟ್ರಾನ್ಸ್‌ಜೆಂಡರ್ ಸಮುದಾಯದಲ್ಲಿ ಸಾವಿರಕ್ಕೆ 31, ಗಂಡಸರ ಜೊತೆ ಸಂಬಂಧವಿರುವ ಗಂಡಸರಲ್ಲಿ ಸಾವಿರಕ್ಕೆ 27. ಹತ್ತು ಪಟ್ಟಿಗೂ ಮಿಕ್ಕಿದ ಅಂತರ!

ಇದು ಇವರ ರಕ್ತದಲ್ಲೇ ಇರುವ ದೋಷವೇನಲ್ಲ. ಕೆಲಸ ಕೊಡುವವರಿಲ್ಲ, ಬಾಡಿಗೆಗೆ ಮನೆ ಕೊಡುವವರಿಲ್ಲ. ಹೊಟ್ಟೆಪಾಡಿಗೆ ಭಿಕ್ಷೆ, ಇಲ್ಲವೇ ರಾತ್ರಿಯ ರಸ್ತೆ. ರಾತ್ರಿಯ ರಸ್ತೆಯಲ್ಲಿ ಕಾಂಡೋಮ್ ಹಾಕು ಎಂದು ಗಿರಾಕಿಗೆ ಹೇಳುವ ಧೈರ್ಯ ಎಲ್ಲರಿಗೂ ಬರುವುದಿಲ್ಲ.

ಆದರೂ ಒಂದು ಮಾತು ಒಪ್ಪಿಕೊಳ್ಳಬೇಕು. ಇವರಿಗೆ ಸರ್ಕಾರದ ಆಸ್ಪತ್ರೆಯ ಬಾಗಿಲು ಸ್ವಲ್ಪವಾದರೂ ತೆರೆದದ್ದು ಈ ಏಡ್ಸ್ ಕಾರ್ಯಕ್ರಮದಿಂದಲೇ. ಏಪ್ರಿಲ್ 1, 2004ರಿಂದ ಎ.ಆರ್.ಟಿ. ಗುಳಿಗೆ ಪುಕ್ಕಟೆಯಾಯಿತು. 2017ರಿಂದ ಸೋಂಕು ಪತ್ತೆಯಾದ ಕೂಡಲೇ ಚಿಕಿತ್ಸೆ ಶುರು ಮಾಡುವ ಪದ್ಧತಿ ಬಂತು. ದಿನಾ ತಪ್ಪದೆ ಗುಳಿಗೆ ನುಂಗಿ, ರಕ್ತದಲ್ಲಿ ವೈರಸ್ ಪರೀಕ್ಷೆಗೇ ಸಿಗದಷ್ಟು ಇಳಿದರೆ, ಸಂಗಾತಿಗೆ ಲೈಂಗಿಕ ಸಂಪರ್ಕದಿಂದ ಅಂಟುವುದಿಲ್ಲ ಎಂಬುದನ್ನು ವೈದ್ಯವಿಜ್ಞಾನ ಖಚಿತಪಡಿಸಿದೆ.

ಈ ಕಾರ್ಯಕ್ರಮದ ಗುಟ್ಟು ಗುಳಿಗೆಯೊಂದರಲ್ಲೇ ಇಲ್ಲ. ಅದೇ ಸಮುದಾಯದ ಒಬ್ಬರು ಕಾರ್ಯಕರ್ತರಾಗಿ, ಹೊಸಬರನ್ನು ಕೈ ಹಿಡಿದು ಆಸ್ಪತ್ರೆಗೆ ಕರೆತಂದು, ‘ಇಲ್ಲಿ ಕೂತ್ಕೋ ಅಕ್ಕ, ನಾನು ಚೀಟಿ ಮಾಡಿಸ್ತೀನಿ’ ಎನ್ನುತ್ತಾರೆ. ಇಷ್ಟರಿಂದ ಅರ್ಧ ಭಯ ಹೋಗುತ್ತದೆ. ಆದರೆ ಈ ಕೈ ಸಿಗುವುದು ಎಚ್.ಐ.ವಿ. ಕೋಣೆಯ ತನಕ ಮಾತ್ರ. ಕಣ್ಣಿಗೆ ಪೊರೆ ಬಂದರೆ, ಹಲ್ಲು ನೋವಾದರೆ, ಮೂತ್ರದಲ್ಲಿ ಕಲ್ಲಾದರೆ ಅದೇ ಮನುಷ್ಯರು ಒಂಟಿ. ಇವರಿಗೆ ಏಡ್ಸ್ ಬಿಟ್ಟು ಬೇರೆ ಕಾಯಿಲೆಯೇ ಬರುವುದಿಲ್ಲವೇನೋ ಎಂಬಂತಿದೆ ನಮ್ಮ ವ್ಯವಸ್ಥೆ.

ಕಾನೂನೇ ಅಡ್ಡ ನಿಂತಿದ್ದ ಕಾಲ

ಹಿಂದಿನ ತಲೆಮಾರಿನವರು ಡಾಕ್ಟರ ಮುಂದೆ ಬಾಯಿ ಬಿಡದಿದ್ದುದಕ್ಕೆ ಕಾರಣವಿತ್ತು. ದಂಡಸಂಹಿತೆಯ 377ನೇ ಕಲಂ ಪ್ರಕಾರ ಅದು ಅಪರಾಧ. ‘ನನಗೆ ಗಂಡಸಿನ ಜೊತೆ ಸಂಬಂಧವಿದೆ ಸಾರ್, ಇಲ್ಲಿ ಗಾಯವಾಗಿದೆ’ ಎನ್ನುವುದೂ ಒಂದೇ, ತಪ್ಪೊಪ್ಪಿಗೆ ಬರೆದುಕೊಡುವುದೂ ಒಂದೇ.

2001ರಲ್ಲಿ ಲಕ್ನೋದಲ್ಲಿ ಏಡ್ಸ್ ತಡೆಯುವ ಕೆಲಸ ಮಾಡುತ್ತಿದ್ದ ಸಂಸ್ಥೆಗಳ ಕಾರ್ಯಕರ್ತರನ್ನೇ ಪೊಲೀಸರು ಈ ಕಲಂ ಹಾಕಿ ಹಿಡಿದರು. ತಿಂಗಳಿಗೂ ಮಿಕ್ಕಿ ಜೈಲು. ಕಾಂಡೋಮ್ ಹಂಚಿದ್ದೇ ತಪ್ಪಾಯಿತು! ಅದೇ ವರ್ಷ ದೆಹಲಿ ಹೈಕೋರ್ಟಿಗೆ ಹೋದ ನಾಜ್ ಫೌಂಡೇಶನ್ ಎಂಬ ಸಂಸ್ಥೆಯ ವಾದವೂ ಇದೇ. ಈ ಕಲಂ ಇರುವ ತನಕ ಜನ ಅವಿತುಕೊಳ್ಳುತ್ತಾರೆ, ಅವಿತುಕೊಂಡವರಿಗೆ ಔಷಧ ತಲುಪಿಸುವುದು ಹೇಗೆ? 2009ರಲ್ಲಿ ಹೈಕೋರ್ಟು ಹೌದೆಂದಿತು. 2013ರಲ್ಲಿ ಸುಪ್ರೀಂ ಕೋರ್ಟು ಇಲ್ಲವೆಂದಿತು. ಕೊನೆಗೆ ಸೆಪ್ಟೆಂಬರ್ 6, 2018ರಂದು ಐವರು ನ್ಯಾಯಮೂರ್ತಿಗಳ ಪೀಠ, ವಯಸ್ಕರು ಒಪ್ಪಿ ಖಾಸಗಿಯಾಗಿ ನಡೆಸುವ ಸಂಬಂಧ ಅಪರಾಧವಲ್ಲ ಎಂದು ತೀರ್ಪು ಕೊಟ್ಟಿತು.

ನಮ್ಮ ರಾಜ್ಯದ ಮಾತೂ ಬೇರೆಯಿರಲಿಲ್ಲ. ಪಿ.ಯು.ಸಿ.ಎಲ್. ಕರ್ನಾಟಕ ಘಟಕ 2001ರಲ್ಲಿ ಒಂದು, 2003ರಲ್ಲಿ ಇನ್ನೊಂದು ವರದಿ ಹೊರತಂದು, ಬೆಂಗಳೂರಿನಲ್ಲಿ ಹಿಜ್ರಾ ಮತ್ತು ಕೋತಿ ಸಮುದಾಯದವರಿಗೆ ಆಗುತ್ತಿದ್ದ ದೌರ್ಜನ್ಯವನ್ನು ದಾಖಲು ಮಾಡಿತು.

ಕಣ್ಣಿಗೆ ಕಾಣದವರು

ಸೀರೆಯುಟ್ಟು ಬೀದಿಯಲ್ಲಿ ನಡೆಯುವವರು ಎಲ್ಲರ ಕಣ್ಣಿಗೆ ಬೀಳುತ್ತಾರೆ. ಬೀಳದವರು ಎಷ್ಟೋ ಜನ. ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುವ ಹುಡುಗನಿರಬಹುದು, ದಿನಾ ಅದೇ ಏಳೂವರೆ ಬಸ್ಸಿಗೆ ಬರುವ ಟೀಚರಮ್ಮ ಇರಬಹುದು. ಗಂಡನ್ನು ಪ್ರೀತಿಸುವ ಗಂಡು, ಹೆಣ್ಣನ್ನು ಪ್ರೀತಿಸುವ ಹೆಣ್ಣು. ಇವರ ಕಾಯಿಲೆ ಹೆಚ್ಚಾಗಿ ಮನಸ್ಸಿನದು. ನಿದ್ದೆ ಬರುವುದಿಲ್ಲ, ಊಟ ಸೇರುವುದಿಲ್ಲ. ಮನೆಯಲ್ಲಿ ಹೆಣ್ಣು ನೋಡುವ ಶಾಸ್ತ್ರ ಶುರುವಾದ ದಿನದಿಂದ ಎದೆ ಡವಗುಡುತ್ತದೆ.

ಮನೆಯವರಿಗೆ ತಿಳಿದರೆ ಮೊದಲು ತಾಯತ, ಆಮೇಲೆ ಮದುವೆ. ‘ಮದುವೆ ಮಾಡಿದ್ರೆ ಎಲ್ಲಾ ಸರಿಹೋಗ್ತದೆ’ ಎಂಬ ಮಾತಿಗೆ ಬಲಿಯಾಗುವವಳು ಮನೆಗೆ ಬಂದ ಇನ್ನೊಬ್ಬರ ಮಗಳು. ಅದಕ್ಕೂ ಜಗ್ಗದಿದ್ದರೆ ‘ಸರಿಮಾಡಿಕೊಡುತ್ತೇವೆ’ ಎನ್ನುವ ವೈದ್ಯರು. ಗುಳಿಗೆ, ಶಾಕ್, ಗದರಿಕೆ, ದುಡ್ಡಿನ ಮೇಲೆ ದುಡ್ಡು.

ಸರಿಮಾಡುವುದಕ್ಕೆ ಇದು ಕಾಯಿಲೆಯೇ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮೇ 17, 1990ರಂದೇ ಸಲಿಂಗ ಪ್ರೀತಿಯನ್ನು ರೋಗಗಳ ಪಟ್ಟಿಯಿಂದ ತೆಗೆಯಿತು. ಭಾರತದ ಮನೋವೈದ್ಯರ ಸಂಘ 2018ರಲ್ಲಿ ಬಹಿರಂಗವಾಗಿ ಅದನ್ನೇ ಹೇಳಿತು. ಜೂನ್ 2021ರಲ್ಲಿ ಮದ್ರಾಸ್ ಹೈಕೋರ್ಟು ಇಂಥ ‘ಸರಿಮಾಡುವ’ ಚಿಕಿತ್ಸೆ ಕೂಡದು ಎಂದಿತು. ಅದರ ಬೆನ್ನಿಗೆ ಆಗಸ್ಟ್ 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ, ಇಂಥ ಚಿಕಿತ್ಸೆ ಮಾಡುವುದು ವೃತ್ತಿಗೇಡು ಎಂದು ರಾಜ್ಯಗಳ ವೈದ್ಯಕೀಯ ಮಂಡಳಿಗಳಿಗೆ ಬರೆಯಿತು. ಅಂದರೆ ಇದಕ್ಕೆ ಫೀಸು ಇಸಿದುಕೊಂಡ ಡಾಕ್ಟರ ಮೇಲೆ ಮಂಡಳಿಗೆ ದೂರು ಕೊಡಬಹುದು.

ತಮಾಷೆ ನೋಡಿ. ಅದೇ ಆಯೋಗ 2024ರ ಆಗಸ್ಟಿನಲ್ಲಿ ಎಂ.ಬಿ.ಬಿ.ಎಸ್. ಮಕ್ಕಳಿಗೆ ಹೊಸ ಪಠ್ಯಕ್ರಮ ಹೊರಡಿಸಿದಾಗ, ಹೆಣ್ಣು ಹೆಣ್ಣಿನ ಪ್ರೀತಿಯನ್ನು ‘ಅಸ್ವಾಭಾವಿಕ ಅಪರಾಧ’ಗಳ ಪಟ್ಟಿಯಲ್ಲಿ ಮತ್ತೆ ತಂದು ಕೂರಿಸಿತು. ಗಲಾಟೆಯಾದ ಮೇಲೆ ಸೆಪ್ಟೆಂಬರ್ ಮೊದಲ ವಾರದಲ್ಲಿ ಆ ಕಾಗದವನ್ನೇ ವಾಪಸ್ ಪಡೆಯಿತು. ಪಾಠ ಹೇಳುವವರ ತಲೆಯಲ್ಲೇ ಗೊಂದಲ ಇದ್ದರೆ ಓದಿ ಬಂದ ಹುಡುಗರು ರೋಗಿಯನ್ನು ಹೇಗೆ ನೋಡಿಯಾರು?

ಸಹಿ ಹಾಕುವವರು ಯಾರು?

ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ಕೇಳುವ ಪ್ರಶ್ನೆ ಒಂದೇ: ‘ಪೇಷೆಂಟ್ ಕಡೆಯವರು ಯಾರ್ರೀ?’

ಅಪ್ಪ ಅಮ್ಮ ಹತ್ತು ವರ್ಷದ ಹಿಂದೆಯೇ ಹೊರಗೆ ಹಾಕಿದ್ದಾರೆ. ಅಂದಿನಿಂದ ಅನ್ನ ಹಾಕಿ ಸಾಕಿದ್ದು ಗುರು, ಜೊತೆಯಲ್ಲಿ ಮಲಗಿ ಎದ್ದವರು ಚೇಲಾಗಳು. ಇಲ್ಲವೇ ಒಂದೇ ಸೂರಿನಡಿ ಹದಿನೈದು ವರ್ಷ ಬಾಳಿದ ಸಂಗಾತಿ. ‘ನೀವೇನಾಗಬೇಕು?’ ಎಂದು ಕೇಳಿದರೆ ಅವರ ಬಳಿ ಉತ್ತರವಿದೆ. ಆದರೆ ಫಾರಂನಲ್ಲಿ ಅದಕ್ಕೆ ಜಾಗವಿಲ್ಲ. ಸಲಿಂಗಿಗಳ ಮದುವೆಗೆ ಮಾನ್ಯತೆ ಕೊಡಲು ಅಕ್ಟೋಬರ್ 17, 2023ರಂದು ಸುಪ್ರೀಂ ಕೋರ್ಟು ಒಪ್ಪಲಿಲ್ಲ.

ಆದರೂ ದಾರಿ ಪೂರ್ತಿ ಮುಚ್ಚಿಲ್ಲ. ಪ್ರಜ್ಞೆಯಲ್ಲಿರುವ ವಯಸ್ಕ ರೋಗಿಯ ಸ್ವಂತ ಒಪ್ಪಿಗೆಯೇ ಮುಖ್ಯ, ಬೇರೆಯವರ ಸಹಿ ಅದಕ್ಕೆ ಬದಲಾಗಲಾರದು ಎಂದು ಸುಪ್ರೀಂ ಕೋರ್ಟು 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲೇ ಹೇಳಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಲಿಂಗ, ಲೈಂಗಿಕ ಒಲವು ನೋಡಿ ಚಿಕಿತ್ಸೆಯಲ್ಲಿ ತಾರತಮ್ಯ ಮಾಡಕೂಡದು ಎಂದಿತು. ಮನಸ್ಸಿನ ಕಾಯಿಲೆಯ ಚಿಕಿತ್ಸೆಯಲ್ಲಿ ತನ್ನ ಪರವಾಗಿ ಯಾರು ನಿಲ್ಲಬೇಕು ಎಂಬುದನ್ನು ರೋಗಿಯೇ ಬಿಳಿ ಹಾಳೆಯ ಮೇಲೆ ಬರೆದು ಸಹಿ ಅಥವಾ ಹೆಬ್ಬೆಟ್ಟು ಹಾಕಿ ಕೊಟ್ಟರೆ ಸಾಕು. ಅವರು ನೆಂಟರೇ ಆಗಿರಬೇಕಿಲ್ಲ.

ಸತ್ತ ಮೇಲಿನ ಅವಮಾನ ಇನ್ನೊಂದು. ಬದುಕಿದ್ದಾಗ ತಿರುಗಿ ನೋಡದ ಮನೆಯವರು ಬರುವ ತನಕ ಹೆಣ ಶವಾಗಾರದಲ್ಲಿ, ಬಾಳಿದವರು ಹೊರಗೆ. ರಕ್ತಸಂಬಂಧಿಗಳು ಇಲ್ಲದಿದ್ದರೆ ಸಂಗಾತಿ ಹೆಣ ಪಡೆಯಬಹುದು ಎಂದು ಕೇಂದ್ರ ಆರೋಗ್ಯ ಇಲಾಖೆ ಆಗಸ್ಟ್ 2024ರಲ್ಲಿ ಎಲ್ಲ ರಾಜ್ಯಗಳಿಗೆ ಪತ್ರ ಬರೆಯಿತು. ಆ ಪತ್ರ ಎಷ್ಟು ಶವಾಗಾರಗಳ ಕಾವಲುಗಾರರ ಕೈಗೆ ತಲುಪಿದೆ ಎಂದು ಕೇಳುವವರು ಬೇಕು.

ಕಾಗದದಲ್ಲಿ ಹಬ್ಬ

ಕಾನೂನಿನ ಕಾಗದಕ್ಕೇನೂ ಬರವಿಲ್ಲ. ಏಪ್ರಿಲ್ 15, 2014ರ ನಾಲ್ಸಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಇವರಿಗೆ ಆಸ್ಪತ್ರೆಯಲ್ಲಿ ಸರಿಯಾದ ಚಿಕಿತ್ಸೆ, ಪ್ರತ್ಯೇಕ ಶೌಚಾಲಯ ಒದಗಿಸಬೇಕೆಂದು ಸರ್ಕಾರಗಳಿಗೆ ಆಜ್ಞೆ ಮಾಡಿತು. ಕರ್ನಾಟಕ 2017ರಲ್ಲಿ ತನ್ನದೇ ನೀತಿ ತಂದಿತು. 2017ರ ಎಚ್.ಐ.ವಿ. ಕಾಯ್ದೆ, ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡಕೂಡದು, ಗುಟ್ಟು ಬಿಟ್ಟುಕೊಡಕೂಡದು ಎಂದಿತು. 2019ರಲ್ಲಿ ಸಂಸತ್ತು ಕಾಯ್ದೆ ಮಾಡಿ ಆಪರೇಷನ್, ಹಾರ್ಮೋನು ಚಿಕಿತ್ಸೆ, ಸಲಹೆ, ವಿಮೆ, ವೈದ್ಯರ ಪಠ್ಯದ ಪರಿಷ್ಕರಣೆ ಎಲ್ಲವೂ ಸರ್ಕಾರದ ಹೊಣೆ ಎಂದು ಬರೆಯಿತು. ಆಗಸ್ಟ್ 2022ರಲ್ಲಿ ಆಯುಷ್ಮಾನ್ ಭಾರತ್ ಅಡಿಯಲ್ಲಿ ಟ್ರಾನ್ಸ್‌ಜೆಂಡರ್ ವ್ಯಕ್ತಿಗೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆ ಎಂದು ಕೇಂದ್ರದ ಎರಡು ಇಲಾಖೆಗಳು ಒಪ್ಪಂದಕ್ಕೆ ಸಹಿ ಹಾಕಿದವು.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. 5 ಲಕ್ಷದ ಕಾರ್ಡಿಗೆ ಮೊದಲು ಗುರುತಿನ ಪತ್ರ ಬೇಕು. ಗುರುತಿನ ಪತ್ರಕ್ಕೆ ಅರ್ಜಿ, ಅರ್ಜಿಗೆ ದಾಖಲೆ, ದಾಖಲೆಗೆ ವಿಳಾಸ. ಹದಿನಾಲ್ಕನೇ ವಯಸ್ಸಿನಲ್ಲಿ ಒದೆ ತಿಂದು ಮನೆ ಬಿಟ್ಟು ಓಡಿಬಂದವರು ಮಾರ್ಕ್ಸ್ ಕಾರ್ಡು ಹಿಡಿದುಕೊಂಡು ಬಂದಿರುತ್ತಾರೆಯೇ? ಎಲ್ಲ ದಾಟಿ ಕಾರ್ಡು ಸಿಕ್ಕಿದರೂ, ಆ ಆಪರೇಷನ್ ಮಾಡುವ ಡಾಕ್ಟರು ಇರುವ ಊರಿಗೆ ಹೋಗಿ ಬರುವ ಖರ್ಚು, ಅಲ್ಲಿ ತಿಂಗಳುಗಟ್ಟಲೆ ಉಳಿಯುವ ಖರ್ಚು ಕಾರ್ಡಿನಲ್ಲಿ ಬರುವುದಿಲ್ಲ.

ಪಕ್ಕದ ತಮಿಳುನಾಡು 2008ರಲ್ಲೇ ಇವರಿಗಾಗಿ ಕಲ್ಯಾಣ ಮಂಡಳಿ ಮಾಡಿತು. ಚೆನ್ನೈನ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಆಪರೇಷನ್ ಶುರುವಾಯಿತು. ಹೈದರಾಬಾದಿನಲ್ಲಿ ಜನವರಿ 2021ರಲ್ಲಿ ‘ಮಿತ್ರ್’ ಎಂಬ ಕ್ಲಿನಿಕ್ ತೆರೆಯಿತು. ಅಲ್ಲಿ ನೋಡಿಕೊಳ್ಳುವವರಲ್ಲಿ ಸಮುದಾಯದವರೇ ಹೆಚ್ಚು. ಜ್ವರಕ್ಕೂ ಮದ್ದು, ಹಾರ್ಮೋನಿಗೂ ಸಲಹೆ, ಮನಸ್ಸಿನ ನೋವಿಗೂ ಕಿವಿ. ಜನ ದೂರದೂರದಿಂದ ಬಂದರು. ಆದರೆ ಅದು ನಡೆಯುತ್ತಿದ್ದದ್ದು ಅಮೆರಿಕ ಸರ್ಕಾರದ ದುಡ್ಡಿನಲ್ಲಿ. 2025ರ ಆರಂಭದಲ್ಲಿ ಅಲ್ಲಿಯ ಸರ್ಕಾರ ನೆರವು ನಿಲ್ಲಿಸಿದ ಕೂಡಲೇ ಇಲ್ಲಿ ಬಾಗಿಲು ಬಿತ್ತು. ಎಲ್ಲೋ ಸಮುದ್ರದಾಚೆ ಒಬ್ಬರು ಸಹಿ ಹಾಕಿದ್ದಕ್ಕೆ ಇಲ್ಲಿಯ ರೋಗಿ ಬೀದಿಗೆ ಬೀಳಬೇಕಾದರೆ ತಪ್ಪು ಯಾರದು? ಜನರ ತೆರಿಗೆಯಲ್ಲಿ ನಡೆಯುವ ಜಿಲ್ಲಾಸ್ಪತ್ರೆಯಲ್ಲೇ ಆ ಚಿಕಿತ್ಸೆ ಇದ್ದಿದ್ದರೆ ಯಾರ ಸಹಿಗೂ ಕಾಯಬೇಕಿರಲಿಲ್ಲ.

ಬಸ್ಸಿನಲ್ಲಾದದ್ದು ಇಲ್ಲಿ ಯಾಕಾಗಬಾರದು?

ದಿನಾ ಬಸ್ಸು ಹತ್ತುವವರಿಗೆ ಒಂದು ಉದಾಹರಣೆ ಕಣ್ಣ ಮುಂದೆಯೇ ಇದೆ. ಜೂನ್ 11, 2023ರಂದು ರಾಜ್ಯ ಸರ್ಕಾರ ಶಕ್ತಿ ಯೋಜನೆ ಶುರು ಮಾಡಿದಾಗ ಹೆಂಗಸರ ಜೊತೆಗೆ ಲಿಂಗತ್ವ ಅಲ್ಪಸಂಖ್ಯಾತರಿಗೂ ಉಚಿತ ಪ್ರಯಾಣ ಎಂದು ಆದೇಶದಲ್ಲೇ ಬರೆಯಿತು. ಕಂಡಕ್ಟರಿಗೆ ಯಾರೂ ದೊಡ್ಡ ಭಾಷಣ ಬಿಗಿಯಲಿಲ್ಲ. ಕಾರ್ಡು ನೋಡು, ಸೊನ್ನೆ ರೂಪಾಯಿ ಟಿಕೆಟ್ ಹರಿ, ಅಷ್ಟೇ. ತಕರಾರು ಇಲ್ಲವೇ ಇಲ್ಲ ಎಂದಲ್ಲ. ಆದರೆ ನಿಯಮ ಒಂದೇ ಸಾಲಿನಲ್ಲಿ ಸ್ಪಷ್ಟವಾಗಿದ್ದರೆ ಕೆಳಗಿನ ನೌಕರರಿಗೂ ಕೆಲಸ ಸುಲಭ, ಪ್ರಯಾಣಿಕರಿಗೂ ಕೇಳುವ ಬಲ.

ಆಸ್ಪತ್ರೆಗೂ ಇಂಥ ನಾಲ್ಕು ಸಾಲು ಸಾಕು. ಕೋಟಿ ಖರ್ಚಿನ ಕಟ್ಟಡವೇನೂ ಬೇಡ.

ಒಂದು, ಹೆಸರು ಕೂಗುವುದು ಬಿಟ್ಟು ಟೋಕನ್ ನಂಬರ್ ಕೂಗಲಿ. ಇವರಿಗೆಂದೇ ಮೂರನೇ ಸಾಲು ಮಾಡಿದರೆ ಅದು ಇನ್ನೊಂದು ತಮಾಷೆ ನೋಡುವ ಜಾಗವಾದೀತು. ಟೋಕನ್ ಇದ್ದರೆ ಗಂಡಸರು, ಹೆಂಗಸರು ಎಂಬ ಸಾಲೇ ಬೇಕಾಗಿಲ್ಲ. ಮುದುಕರಿಗೂ ಬಸುರಿಯರಿಗೂ ನಿಲ್ಲುವ ಕಷ್ಟ ತಪ್ಪುತ್ತದೆ.

ಎರಡು, ಚೀಟಿಯಲ್ಲಿ ಅವರು ಹೇಳಿದ ಹೆಸರು ಬರೆಯಲಿ, ಯಾವ ವಾರ್ಡು ಎಂಬುದನ್ನು ಅವರನ್ನೇ ಕೇಳಲಿ. ದಾಖಲೆಯ ಹೆಸರು ಕಂಪ್ಯೂಟರಿನಲ್ಲಿ ಇದ್ದುಕೊಳ್ಳಲಿ.

ಮೂರು, ಏಡ್ಸ್ ವಿಭಾಗದಲ್ಲಿ ಇರುವ ಹಾಗೆ ಸಮುದಾಯದ ಒಬ್ಬರು ವಾರಕ್ಕೆ ಎರಡು ಬೆಳಿಗ್ಗೆಯಾದರೂ ಓ.ಪಿ.ಡಿ.ಯಲ್ಲಿ ಕೂರಲಿ. ಬಂದವರನ್ನು ಕಣ್ಣಿನ ವಿಭಾಗಕ್ಕೋ ಎಲುಬಿನ ವಿಭಾಗಕ್ಕೋ ಕರೆದೊಯ್ಯಲಿ.

ನಾಲ್ಕು, ತರಬೇತಿ ಡಾಕ್ಟರಿಗೆ ಮಾತ್ರ ಬೇಡ. ಗೇಟಿನ ಕಾವಲುಗಾರ, ಚೀಟಿ ಗುಮಾಸ್ತ, ಆಯಾ, ಲ್ಯಾಬಿನವರು ಎಲ್ಲರಿಗೂ ಕೊಡಲಿ. ರೋಗಿಯನ್ನು ಓಡಿಸುವುದೋ ಉಳಿಸಿಕೊಳ್ಳುವುದೋ ಎಂಬುದು ಡಾಕ್ಟರ ಕೋಣೆಗೆ ಬರುವ ಮೊದಲೇ ತೀರ್ಮಾನವಾಗಿರುತ್ತದೆ.

ಅಂಗಡಿಯವರ ಕೈಯಲ್ಲೂ ಒಂದಿಷ್ಟಿದೆ. ಹಾರ್ಮೋನು ಗುಳಿಗೆ ಕೇಳಿಕೊಂಡು ಬಂದವರಿಗೆ ‘ಕಾಲು ಊದಿಕೊಂಡ್ರೆ, ಎದೆ ನೋವು ಬಂದ್ರೆ, ಉಸಿರು ಸಿಕ್ಕಿಕೊಂಡ್ರೆ ತಡ ಮಾಡಬೇಡಿ, ದೊಡ್ಡಾಸ್ಪತ್ರೆಗೆ ಹೋಗಿ’ ಎಂದು ಮೆಡಿಕಲ್ ಶಾಪಿನವರು ಹೇಳಿದರೆ ಒಂದು ಜೀವ ಉಳಿದೀತು. ಎರಡು ನಂಬರನ್ನು ಗಲ್ಲಾದ ಪಕ್ಕ ಅಂಟಿಸಿದರೆ ಕಾಸು ಖರ್ಚಿಲ್ಲ. ಎಚ್.ಐ.ವಿ. ವಿಚಾರಕ್ಕೆ 1097. ಮನಸ್ಸಿನ ಸಂಕಟಕ್ಕೆ 14416, ಅಂದರೆ 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್. ಬೆಂಗಳೂರಿನ ನಿಮ್ಹಾನ್ಸ್ ಅದರ ಮೂಲ ಕೇಂದ್ರ. ಕನ್ನಡದಲ್ಲೇ ಮಾತಾಡಬಹುದು, ಹೊತ್ತುಗೊತ್ತಿಲ್ಲ, ಪುಕ್ಕಟೆ.

ಜಿಲ್ಲಾಸ್ಪತ್ರೆಗೆ, ತಾಲ್ಲೂಕು ಆಸ್ಪತ್ರೆಗೆ ಆರೋಗ್ಯ ರಕ್ಷಾ ಸಮಿತಿ ಎಂಬುದೊಂದಿದೆ. ಸಭೆಯಲ್ಲಿ ಬಣ್ಣ ಬಳಿಯುವ ಬಿಲ್ಲು, ಜನರೇಟರಿನ ಡೀಸೆಲ್ಲು, ಬೆಡ್‌ಶೀಟು ಎಲ್ಲ ಚರ್ಚೆಗೆ ಬರುತ್ತವೆ. ಮುಂದಿನ ಸಭೆಯ ಅಜೆಂಡಾದಲ್ಲಿ ಟೋಕನ್ ವಿಚಾರ ಒಂದನ್ನು ಸೇರಿಸಲು ಯಾವ ಮಂತ್ರಿಯ ಅಪ್ಪಣೆಯೂ ಬೇಕಿಲ್ಲ. ಸಮಿತಿಯ ಸದಸ್ಯರು ಇದನ್ನು ಎತ್ತುವರೇ?